ಸಾಲ ಎಷ್ಟೆಂದು ಕೇಳುವವರು ಯಾಕೆಂದೂ ಕೇಳಲಿ

ಮಾನ್ಯ ಕೇಂದ್ರ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರಿಗೆ,

ತಾವು ರಾಜ್ಯಸಭೆಗೆ ಹೋಗಿರುವುದು ಕರ್ನಾಟಕದಿಂದ. ಆ ಸಲುಗೆಯಿಂದಲೇ ಈ ಕಾಗದ.

ಹರಿಹರ ತಾಲ್ಲೂಕಿನ ನಮ್ಮೂರು ಮಲೆಬೆನ್ನೂರು ಭದ್ರಾ ಅಚ್ಚುಕಟ್ಟಿನ ಕೊನೆ ಭಾಗ. ನಾಲೆಯಲ್ಲಿ ನೀರು ಬಂದರೆ ಭತ್ತ, ಬಾರದಿದ್ದರೆ ಸಾಲ. ಇಂಥ ಮನೆಗಳ ಮಕ್ಕಳು ಶಿಕ್ಷಣ ಸಾಲ ಮಾಡಿ ಓದುತ್ತಾರೆ, ದಾವಣಗೆರೆಯ ಕೋಚಿಂಗಿಗೆ ಬಸ್ ಹತ್ತುತ್ತಾರೆ, ಬ್ಯಾಂಕ್ ಪರೀಕ್ಷೆ ಬರೆಯುತ್ತಾರೆ. ಓದು ಮುಗಿದು ವರ್ಷವಾಯಿತೆಂದರೆ ಕಂತು ಶುರು, ಕೆಲಸದ ಸುಳಿವಿಲ್ಲ. ಕಂತು ತಪ್ಪುತ್ತದೆ, ಸಾಲ ತೀರಿಸುವ ನಡತೆಯನ್ನು ಅಳೆಯುವ ಸಿಬಿಲ್ ಸ್ಕೋರ್ ಬೀಳುತ್ತದೆ. ಆಮೇಲೆ ಪರೀಕ್ಷೆ ಪಾಸಾದರೂ ಹಳೆ ಬಾಕಿ ಬಾಗಿಲಿಗೆ ಅಡ್ಡ ನಿಲ್ಲುತ್ತದೆ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು.

ಇದು ಬರೀ ಭಯವಲ್ಲ. ಸ್ಟೇಟ್ ಬ್ಯಾಂಕ್ 2021ರಲ್ಲಿ ಒಬ್ಬ ಅಭ್ಯರ್ಥಿಗೆ ಕೊಟ್ಟ ನೇಮಕವನ್ನು ಸಾಲದ ದಾಖಲೆ ನೋಡಿ ರದ್ದು ಮಾಡಿತು. ಸಾಲ ತೀರಿಸಿದ್ದೇನೆ ಎಂದು ಆತ ಹೇಳಿದರೂ, 2025ರ ಜೂನ್‌ನಲ್ಲಿ ಮದ್ರಾಸ್ ಹೈಕೋರ್ಟ್ ಬ್ಯಾಂಕಿನ ಕ್ರಮವನ್ನೇ ಎತ್ತಿಹಿಡಿಯಿತು. ಬ್ಯಾಂಕ್ ನೇಮಕಾತಿ ಪರೀಕ್ಷೆ ನಡೆಸುವ ಐಬಿಪಿಎಸ್ ಕನಿಷ್ಠ ಸಿಬಿಲ್ ಸ್ಕೋರಿನ ಷರತ್ತನ್ನು ಕೈಬಿಟ್ಟಿದೆ ಎಂದು ತಮ್ಮ ಸಚಿವಾಲಯ ಸಂಸತ್ತಿಗೆ ಹೇಳಿದೆ. ಸಂತೋಷ. ಆದರೆ ಕೆಲಸಕ್ಕೆ ಸೇರುವ ಮುನ್ನ ದಾಖಲೆ ಸರಿಪಡಿಸಿಕೊಳ್ಳಬೇಕು, ಇಲ್ಲವೇ ಸಾಲ ಕೊಟ್ಟವರಿಂದ ಬಾಕಿ ಇಲ್ಲವೆಂಬ ಪತ್ರ ತರಬೇಕು. ತರದಿದ್ದರೆ ನೇಮಕ ಹೋಗಬಹುದು. ಮುಂಬಾಗಿಲು ತೆರೆದು ನಡುಮನೆಗೆ ಚಿಲಕ ಹಾಕಿದಂತಾಯಿತು.

ಜನರ ದುಡ್ಡು ಎಣಿಸುವವರು ಸಾಲದ ಸುಳಿಯಲ್ಲಿ ಇರಬಾರದೆಂಬ ಎಚ್ಚರ ನಮಗೂ ಅರ್ಥವಾಗುತ್ತದೆ. ಆದರೆ ಜೂಜಾಡಿ ಮುಳುಗಿದವನೂ ಅಪ್ಪನ ಆಸ್ಪತ್ರೆ ಬಿಲ್ ಕಟ್ಟಿ ಮುಳುಗಿದವನೂ ಒಂದೇ ಏನು? ಅಮೆರಿಕದಲ್ಲಿ ಸರ್ಕಾರದ ರಹಸ್ಯ ಕಡತ ನೋಡುವವರ ಸಾಲವನ್ನೂ ತಪಾಸಣೆ ಮಾಡುತ್ತಾರೆ. 2017ರಿಂದ ಜಾರಿಯಲ್ಲಿರುವ ಅಲ್ಲಿನ ಮಾರ್ಗಸೂಚಿ ಕೆಲಸ ಹೋಯಿತೇ, ಕಾಯಿಲೆ ಬಂತೇ, ಸಾವು ಸಂಭವಿಸಿತೇ, ಸಾಲ ತೀರಿಸಲು ಪ್ರಾಮಾಣಿಕವಾಗಿ ಯತ್ನಿಸಿದನೇ ಎಂಬುದನ್ನೂ ತೂಗಿ ನೋಡುತ್ತದೆ. ದೂರ ಯಾಕೆ? ನಮ್ಮ ಕೇಂದ್ರ ನೌಕರರ 1964ರ ನಡತೆ ನಿಯಮಗಳಲ್ಲಿ 17ನೆಯದು ಸದಾ ಸಾಲಗಾರನಾಗಿರಬೇಡ ಎನ್ನುತ್ತಲೇ, ಸಾಲವಾದದ್ದು ಕೈಮೀರಿದ ಕಾರಣದಿಂದ ಎಂದು ರುಜುವಾತು ಮಾಡಲು ನೌಕರನಿಗೆ ದಾರಿ ಬಿಟ್ಟಿದೆ. ಒಳಗೆ ಕುಳಿತವನಿಗೆ ಸಿಗುವ ಆ ದಾರಿ ಹೊಸ್ತಿಲಲ್ಲಿ ನಿಂತವನಿಗೆ ಯಾಕಿಲ್ಲ?

ನಮ್ಮ ಕೋರಿಕೆ ಸಾಲ ಮನ್ನಾ ಅಲ್ಲ. ನೇಮಕ ರದ್ದು ಮಾಡುವ ಮೊದಲು ಬ್ಯಾಂಕುಗಳು ಅಭ್ಯರ್ಥಿಯ ವಿವರಣೆಯನ್ನು ಲಿಖಿತವಾಗಿ ಕೇಳಲಿ. ಶಿಕ್ಷಣ, ಬೆಳೆ, ಕಾಯಿಲೆಯ ಸಾಲಗಳನ್ನು ಬೇರೆಯಾಗಿ ನೋಡಲಿ. ಬಾಕಿ ಇದ್ದವರನ್ನು ಸೇರಿಸಿಕೊಂಡು, ಸಂಬಳದಲ್ಲೇ ಕಂತು ಮುರಿದುಕೊಳ್ಳುವ ವ್ಯವಸ್ಥೆಯಾಗಲಿ. ಓದಲು ಸಾಲ ಕೊಟ್ಟದ್ದೂ ಬ್ಯಾಂಕು, ಸಂಬಳ ಕೊಡುವುದೂ ಬ್ಯಾಂಕು. ವಸೂಲಿಗೆ ಇದಕ್ಕಿಂತ ಭದ್ರವಾದ ದಾರಿ ಇನ್ನೊಂದಿಲ್ಲ.

ಇಂತಿ,
ಮಲೆಬೆನ್ನೂರಿನ ಒಬ್ಬ ಭತ್ತದ ಬೆಳೆಗಾರ