ಬೂದಿಯಲ್ಲಿ ಕೊರೆದ ಮನೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದರು ನಮ್ಮ ಹಿರಿಯರು. ‘ಹಳೆಯ ಮನೆ ರಿಪೇರಿ ಮಾಡಿಸಿ ನೋಡು’ ಎಂಬ ಮೂರನೆಯ ಮಾತನ್ನು ಏಕೆ ಸೇರಿಸಲಿಲ್ಲವೋ ತಿಳಿಯದು. ಹೊಸ ಮನೆಗಾದರೆ ಖಾಲಿ ನಿವೇಶನವಿರುತ್ತದೆ, ನಮ್ಮಿಷ್ಟದಂತೆ ಗೆರೆ ಎಳೆಯಬಹುದು. ಹಳೆಯ ಮನೆಯಲ್ಲಿ ಒಂದು ಗೋಡೆ ಮುಟ್ಟಿದರೆ ಛಾವಣಿ ತಕರಾರು ತೆಗೆಯುತ್ತದೆ. ನೆಲ ಅಗೆದರೆ ಪಾಯ ಎದುರಾಡುತ್ತದೆ. ಆ ಮನೆ ಇರುವುದು ಜ್ವಾಲಾಮುಖಿಯ ಬಾಯಂಚಿನಲ್ಲಿ ಎಂದಾದರೆ ಕೇಳಬೇಕೇ?

ಗ್ರೀಸ್ ದೇಶದ ಸ್ಯಾಂಟೊರಿನಿ ದ್ವೀಪದ ಚಿತ್ರವನ್ನು ನೀವು ನೋಡಿಯೇ ಇರುತ್ತೀರಿ. ಕ್ಯಾಲೆಂಡರಿನಲ್ಲಿ, ಪ್ರವಾಸದ ಜಾಹೀರಾತಿನಲ್ಲಿ, ಮೊಬೈಲ್ ಫೋನಿನ ಪರದೆಯಲ್ಲಿ ಅದು ಕಾಣುತ್ತಲೇ ಇರುತ್ತದೆ. ನೀಲಿ ಸಮುದ್ರ, ಕಡಿದಾದ ಬಂಡೆ, ಬಂಡೆಯ ತಲೆಯ ಮೇಲೆ ಸುಣ್ಣ ಬಳಿದ ಬಿಳಿ ಮನೆಗಳು. ಆ ಮನೆಗಳಲ್ಲಿ ಬಹುಪಾಲು ಇಂದು ಪ್ರವಾಸಿಗರು ರಜೆ ಕಳೆಯುವ ವಿಲ್ಲಾಗಳು. ಮೂರು ನಾಲ್ಕು ಹಳೆಯ ಮನೆಗಳನ್ನು ಕೂಡಿಸಿ, ದೊಡ್ಡ ಕೋಣೆ, ಸ್ನಾನಗೃಹ, ಈಜುಕೊಳ ಮಾಡಿ ಹೊಸ ವಿನ್ಯಾಸ ಕೊಟ್ಟಿರುತ್ತಾರೆ. ಈ ನವೀಕರಣದ ಕಥೆಯಲ್ಲಿ ನಿಮ್ಮ ಭೌತಶಾಸ್ತ್ರ, ರಸಾಯನಶಾಸ್ತ್ರ, ಭೂಗೋಳ ಮೂರೂ ಒಟ್ಟಿಗೆ ಬರುತ್ತವೆ. ಪರೀಕ್ಷೆಯಲ್ಲಿ ಬರುವುದಿಲ್ಲ ಎಂಬ ಧೈರ್ಯದಿಂದ ಓದಿ.

ದ್ವೀಪ ಹುಟ್ಟಿದ ಬಗೆ

ಸುಮಾರು 3,600 ವರ್ಷಗಳ ಹಿಂದೆ ಏಜಿಯನ್ ಸಮುದ್ರದ ಈ ದ್ವೀಪದಲ್ಲಿ ಭೀಕರ ಸ್ಫೋಟವಾಯಿತು. ಒಡಲಿನ ಶಿಲಾರಸ ಹೊರಚೆಲ್ಲಿದ ಮೇಲೆ ಮೇಲಿನ ನೆಲ ಆಧಾರ ತಪ್ಪಿ ಕುಸಿಯಿತು, ಸಮುದ್ರ ಒಳನುಗ್ಗಿತು. ಹೀಗೆ ಕುಸಿದು ಉಂಟಾಗುವ ಬೃಹತ್ ಬೋಗುಣಿಯನ್ನು ಭೂವಿಜ್ಞಾನಿಗಳು ಕ್ಯಾಲ್ಡೆರಾ ಎನ್ನುತ್ತಾರೆ. ಸ್ಯಾಂಟೊರಿನಿಯ ಕ್ಯಾಲ್ಡೆರಾ ಸುಮಾರು 11 ಕಿ.ಮೀ. ಉದ್ದ, 7 ಕಿ.ಮೀ. ಅಗಲ. ಅದರ ಅಂಚಿನ ಬಂಡೆ ಸಮುದ್ರಮಟ್ಟದಿಂದ ಸುಮಾರು 300 ಮೀಟರ್‌ವರೆಗೆ ನೆಟ್ಟಗೆ ಎದ್ದು ನಿಂತಿದೆ. ಫೀರಾ, ಈಯಾ ಎಂಬ ಊರುಗಳು ಈ ಅಂಚಿನ ಮೇಲಿವೆ. ಬೋಗುಣಿಯ ನಡುವಿನ ನೆಯಾ ಕಮೇನಿ ಎಂಬ ಪುಟ್ಟ ದ್ವೀಪದಲ್ಲಿ 1950ರಲ್ಲಿ ಕೊನೆಯ ಸ್ಫೋಟ ನಡೆಯಿತು. ಅಂದರೆ ಜ್ವಾಲಾಮುಖಿ ಸತ್ತಿಲ್ಲ, ಮಲಗಿದೆ.

ಆ ಪುರಾತನ ಸ್ಫೋಟ ದ್ವೀಪದ ಮೇಲೆ ಬೂದಿಯನ್ನೂ, ನೀರಿನಲ್ಲಿ ತೇಲುವಷ್ಟು ಹಗುರವಾದ ಪ್ಯೂಮಿಸ್ ಕಲ್ಲನ್ನೂ ಹತ್ತಾರು ಮೀಟರ್ ದಪ್ಪಕ್ಕೆ ಹಾಸಿತು. ಬೂದಿ ಎಂದ ಕೂಡಲೇ ಒಲೆಯ ಬೂದಿಯನ್ನು ನೆನೆಯಬೇಡಿ. ಇದು ಕಲ್ಲು ಕರಗಿ, ಗಾಳಿಗೆ ಸಿಡಿದು, ಕ್ಷಣದಲ್ಲಿ ತಣ್ಣಗಾದ ಗಾಜಿನ ಪುಡಿ. ಒತ್ತಿ ಕೂತ ಈ ಪದರವನ್ನು ಗುದ್ದಲಿಯಿಂದ ಕೊರೆಯಬಹುದು. ಆದರೂ ಕೊರೆದ ಗವಿ ತಾನಾಗಿ ಬಿದ್ದುಹೋಗದೆ ನಿಲ್ಲುತ್ತದೆ. ಇಲ್ಲಿಂದಲೇ ಆ ಮನೆಗಳ ಕಥೆ ಶುರು.

ನಾಲ್ಕು ಪ್ರಶ್ನೆ, ಒಂದು ಮನೆ

ಸ್ಯಾಂಟೊರಿನಿಯ ಬಡ ನಾವಿಕರೂ ದ್ರಾಕ್ಷಿ ಬೆಳೆಗಾರರೂ ಯಾವ ಎಂಜಿನಿಯರಿಂಗ್ ಕಾಲೇಜಿಗೂ ಹೋದವರಲ್ಲ. ಆದರೆ ಅವರ ಮುಂದೆ ನಾಲ್ಕು ಕಠಿಣ ಪ್ರಶ್ನೆಗಳಿದ್ದವು.

ಮೊದಲನೆಯದು, ಮರವಿಲ್ಲ. ದ್ವೀಪದಲ್ಲಿ ಕಾಡೇ ಇಲ್ಲ. ತೊಲೆ, ಜಂತೆಗೆ ಎಲ್ಲಿಗೆ ಹೋಗುವುದು? ಅದಕ್ಕೆ ಉತ್ತರ ಕಮಾನು ಛಾವಣಿ. ಎರಡು ಪುಸ್ತಕಗಳ ನಡುವೆ ಒಂದು ಪೋಸ್ಟ್ ಕಾರ್ಡನ್ನು ಚಪ್ಪಟೆಯಾಗಿ ಇಟ್ಟು ಮೇಲೆ ನಾಣ್ಯಗಳನ್ನು ಹೇರಿ. ಕಾರ್ಡು ಜೋಲುತ್ತದೆ. ಅದೇ ಕಾರ್ಡನ್ನು ಬಾಗಿಸಿ, ತುದಿಗಳು ಜಾರದಂತೆ ಪುಸ್ತಕಗಳ ನಡುವೆ ಬಿಗಿಯಾಗಿ ಕೂರಿಸಿ ನೋಡಿ, ಹೆಚ್ಚು ಭಾರ ಹೊರುತ್ತದೆ. ಚಪ್ಪಟೆ ಹಲಗೆಯ ಕೆಳಮೈ ಎಳೆತಕ್ಕೆ ಸಿಕ್ಕುತ್ತದೆ. ಕಲ್ಲು ಗಾರೆಗಳು ಎಳೆತವನ್ನು ತಾಳಲಾರವು. ಕಮಾನಿನಲ್ಲಿ ಭಾರವೆಲ್ಲ ಒತ್ತಡವಾಗಿ ಬದಿಗಳಿಗೆ ಇಳಿದುಹೋಗುತ್ತದೆ. ಒತ್ತಡ ತಾಳುವುದರಲ್ಲಿ ಕಲ್ಲಿಗೆ ಎಣೆಯಿಲ್ಲ. ಬದಿಗಳನ್ನು ಹಿಡಿದುಕೊಳ್ಳಲು ಅಕ್ಕಪಕ್ಕದ ಗುಡ್ಡವೋ ನೆರೆಮನೆಯ ಗೋಡೆಯೋ ಇದ್ದೇ ಇದೆ.

ಎರಡನೆಯದು, ಬಿಸಿಲು, ಗಾಳಿ. ಬೇಸಿಗೆಯಲ್ಲಿ ಉತ್ತರದಿಂದ ಮೆಲ್ಟೆಮಿ ಎಂಬ ಬಿರುಗಾಳಿ ಬೀಸುತ್ತದೆ, ಮರದ ನೆರಳೆಂಬುದಿಲ್ಲ. ಗುಡ್ಡದೊಳಕ್ಕೆ ಕೊರೆದ ಮನೆಗೆ ಇದಾವುದರ ಹಂಗಿಲ್ಲ. ಪ್ಯೂಮಿಸ್ ಮತ್ತು ಬೂದಿಯ ತುಂಬ ಗಾಳಿಯ ಗುಳ್ಳೆಗಳು; ನಿಂತ ಗಾಳಿ ಶಾಖವನ್ನು ಬೇಗ ಸಾಗಿಸದು. ಹಲವು ಮೀಟರ್ ಒಳಗೆ ಹೋದರೆ ನೆಲದ ಉಷ್ಣಾಂಶ ವರ್ಷದ ಸರಾಸರಿಯ ಹತ್ತಿರವೇ ನಿಂತಿರುತ್ತದೆ. ಹಾಗಾಗಿ ಮನೆ ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ. ಹೊರಮೈಗೆ ಬಳಿದ ಸುಣ್ಣ ಬಿಸಿಲನ್ನು ಹಿಂದಕ್ಕೆ ಅಟ್ಟುತ್ತದೆ.

ಮೂರನೆಯದು, ಬೆಳಕು. ಗವಿಯಂಥ ಉದ್ದ ಮನೆಗೆ ಒಂದೇ ಮುಖ. ಆ ಮುಖದ ಗೋಡೆಯಲ್ಲಿ ನಡುವೆ ಬಾಗಿಲು, ಎರಡೂ ಬದಿಗೆ ಕಿಟಕಿ, ಬಾಗಿಲ ನೆತ್ತಿಯ ಮೇಲೊಂದು ಬೆಳಕಿಂಡಿ. ಒಳಗಿನ ಕೋಣೆಯ ಅಡ್ಡಗೋಡೆಯಲ್ಲಿಯೂ ಇದೇ ಏರ್ಪಾಡು. ಮುಂದಿನ ಕಿಟಕಿಯಿಂದ ಬಂದ ಬೆಳಕು ಹಿಂದಿನ ಕಿಟಕಿಯನ್ನೂ ಹಾದು ಹಾಸಿಗೆಯವರೆಗೆ ತಲುಪುತ್ತದೆ. ಮೇಲಿನ ಕಿಂಡಿಯಿಂದ ಒಳಗಿನ ಬಿಸಿಗಾಳಿಯೂ ತೇವವೂ ಹೊರಹೋಗುತ್ತವೆ.

ನಾಲ್ಕನೆಯದೇ ಎಲ್ಲಕ್ಕಿಂತ ದೊಡ್ಡದು, ನೀರು. ದ್ವೀಪದಲ್ಲಿ ನದಿಯಿಲ್ಲ. ವರ್ಷಕ್ಕೆ ಬೀಳುವ ಮಳೆ ಹೆಚ್ಚುಕಡಿಮೆ 300ರಿಂದ 400 ಮಿ.ಮೀ., ಅದೂ ಚಳಿಗಾಲದಲ್ಲಿ. ಛಾವಣಿ, ಅಂಗಳ, ಮೆಟ್ಟಿಲು ಎಲ್ಲವನ್ನೂ ಇಳಿಜಾರು ಮಾಡಿ, ಬಿದ್ದ ಹನಿಯನ್ನೆಲ್ಲ ಅಂಗಳದ ಅಡಿಯ ತೊಟ್ಟಿಗೆ ಹರಿಸುತ್ತಿದ್ದರು. ಮೇಲಿನ ಮನೆಯ ಅಂಗಳವೇ ಎಷ್ಟೋ ಕಡೆ ಕೆಳಗಿನ ಮನೆಯ ಛಾವಣಿ.

ಗಾರೆಯ ಗುಟ್ಟು

ತೊಟ್ಟಿಯ ನೀರು ಸೋರದಂತೆ ಮಾಡಿದ್ದು ಯಾವುದು? ಅದೇ ಬೂದಿ. ಬರೀ ಸುಣ್ಣದ ಗಾರೆ ಗಾಳಿಯ ಇಂಗಾಲದ ಡೈ ಆಕ್ಸೈಡನ್ನು ಹೀರಿ ನಿಧಾನವಾಗಿ ಗಟ್ಟಿಯಾಗುತ್ತದೆ. ನೀರಿನಲ್ಲಿ ಮುಳುಗಿಸಿದರೆ ಗಾಳಿ ಸಿಗದೆ ಮೆತ್ತಗೇ ಉಳಿಯುತ್ತದೆ. ಅದಕ್ಕೆ ಜ್ವಾಲಾಮುಖಿಯ ಬೂದಿ ಬೆರೆಸಿದರೆ ಬೂದಿಯಲ್ಲಿರುವ ಸಿಲಿಕಾ, ಸುಣ್ಣ ಮತ್ತು ನೀರಿನೊಡನೆ ಕೂಡಿ ಕ್ಯಾಲ್ಸಿಯಂ ಸಿಲಿಕೇಟಿನ ಗಟ್ಟಿ ಅಂಟಾಗುತ್ತದೆ. ಅದು ನೀರಿನೊಳಗೂ ಗಟ್ಟಿಯಾಗುತ್ತದೆ.

ಮರಳಿನಲ್ಲೂ ಸಿಲಿಕಾ ಇದೆಯಲ್ಲ, ಅದೇಕೆ ಹೀಗೆ ಮಾಡದು ಎಂದು ಜಾಣ ವಿದ್ಯಾರ್ಥಿ ಕೇಳಬೇಕು. ಮರಳಿನ ಸಿಲಿಕಾ ಹರಳು ರೂಪದ್ದು. ಅದರ ಅಣುಗಳು ಬೆಳಗಿನ ಪ್ರಾರ್ಥನೆಗೆ ಸಾಲಾಗಿ ಕೈಕೈ ಹಿಡಿದು ನಿಂತ ಮಕ್ಕಳಂತೆ. ಸುಣ್ಣ ಬಂದು ಕರೆದರೂ ಜಾಗ ಬಿಡುವುದಿಲ್ಲ. ಬೂದಿಯ ಸಿಲಿಕಾ ಥಟ್ಟನೆ ತಣ್ಣಗಾದದ್ದರಿಂದ ಸಾಲುಗೂಡಲು ಸಮಯವೇ ಸಿಕ್ಕಿಲ್ಲ. ಊಟದ ಗಂಟೆ ಹೊಡೆದಾಗಿನ ಮಕ್ಕಳಂತೆ ಅಸ್ತವ್ಯಸ್ತ! ಯಾರು ಕರೆದರೂ ಹೊರಡಲು ಸಿದ್ಧ.

ಇಟಲಿಯ ಪೊಜ್ಜುವೊಲಿ ಊರಿನ ಬಳಿಯ ಬೂದಿಯಿಂದ ರೋಮನ್ನರು ಇಂಥದೇ ಗಾರೆ ಮಾಡಿದರು. ಆ ಊರಿನಿಂದಲೇ ಇಂಥ ವಸ್ತುಗಳಿಗೆ ಪೊಜೊಲಾನಾ ಎಂಬ ಹೆಸರು ಬಂತು. ಹತ್ತೊಂಬತ್ತನೆಯ ಶತಮಾನದಲ್ಲಿ ಸೂಯೆಜ್ ಕಾಲುವೆಯ ಕಾಮಗಾರಿಗೆ ಸ್ಯಾಂಟೊರಿನಿ ಸಮೂಹದ ಬೂದಿಯನ್ನು ಹಡಗುಗಳಲ್ಲಿ ಒಯ್ದರು. ಹಾಗೆ ಅಗೆಯುವಾಗಲೇ ಬೂದಿಯಡಿ ಹೂತಿದ್ದ ಪ್ರಾಚೀನ ಮನೆಗಳು ಕಂಡವು. ನಮಗೂ ಈ ಗಾರೆ ಹೊಸತಲ್ಲ. ನಮ್ಮಲ್ಲಿ ಬೂದಿಯ ಬದಲು ಇಟ್ಟಿಗೆಪುಡಿ ಬೆರೆಸಿ ಸುರ್ಕಿ ಗಾರೆ ಮಾಡುತ್ತಿದ್ದರು. 1911ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿ ಕಟ್ಟೆ ನಿಂತಿರುವುದು ಸುರ್ಕಿಯ ಬಲದಿಂದ. ಇಂದು ಅಂಗಡಿಯ ಸಿಮೆಂಟ್ ಚೀಲದ ಮೇಲೆ ಕಾಣುವ ‘ಪಿಪಿಸಿ’ಯ ನಡುವಣ ‘ಪಿ’ ಕೂಡ ಪೊಜೊಲಾನಾ. ನಮ್ಮಲ್ಲಿ ಅದಕ್ಕೆ ಹೆಚ್ಚಾಗಿ ಬೆರೆಸುವುದು ಶಾಖೋತ್ಪನ್ನ ವಿದ್ಯುತ್ ಕೇಂದ್ರಗಳ ಹಾರುಬೂದಿ.

ಭೂಕಂಪದಿಂದ ವಿಲ್ಲಾವರೆಗೆ

1956ರ ಜುಲೈ 9ರಂದು ಹತ್ತಿರದ ಅಮೋರ್ಗೊಸ್ ದ್ವೀಪದ ಬಳಿ ಪ್ರಬಲ ಭೂಕಂಪವಾಯಿತು. ಐವತ್ತಕ್ಕೂ ಹೆಚ್ಚು ಜನ ಸತ್ತರು, ಈಯಾ ಪಾಳುಬಿತ್ತು. ಅನೇಕರು ಮನೆ ತೊರೆದು ಅಥೆನ್ಸ್ ಸೇರಿದರು. ಪುನರ್ನಿರ್ಮಾಣದ ಹೊಣೆ ಹೊತ್ತ ವಾಸ್ತುಶಿಲ್ಪಿ ಕಾನ್‌ಸ್ಟಂಟೀನೊಸ್ ಡೆಕಾವಾಲ್ಲಾಸ್ ಹೊಸ ಮನೆಗಳಿಗೂ ದ್ವೀಪದ ಕಮಾನು ಛಾವಣಿಯನ್ನೇ ಆರಿಸಿಕೊಂಡರು. 1970ರ ದಶಕದಲ್ಲಿ ಗ್ರೀಸಿನ ರಾಷ್ಟ್ರೀಯ ಪ್ರವಾಸೋದ್ಯಮ ಸಂಸ್ಥೆ ಈಯಾದ ಪಾಳುಮನೆಗಳನ್ನು ಮಾಲೀಕರಿಂದ ಪಡೆದು, ದುರಸ್ತಿ ಮಾಡಿ, ಅತಿಥಿಗೃಹಗಳಾಗಿ ನಡೆಸತೊಡಗಿತು. ಹಾಳಾಗಿ ಹೋಗಬೇಕಿದ್ದ ಮನೆಗಳು ಉಳಿದದ್ದು ಹೀಗೆ. ಪ್ರವಾಸೋದ್ಯಮವನ್ನು ಸುಮ್ಮನೆ ಬೈಯುವಂತಿಲ್ಲ.

ಆದರೆ ಬೇಡಿಕೆ ಬೆಳೆಯಿತು. ಹದಿನೈದು ಸಾವಿರ ಚಿಲ್ಲರೆ ಜನಸಂಖ್ಯೆಯ ದ್ವೀಪಕ್ಕೆ 2023ರಲ್ಲಿ ಬಂದ ಪ್ರವಾಸಿಗರು ಸುಮಾರು 34 ಲಕ್ಷ! ಬಡವರ ಗವಿಗಳು ವಿಶಾಲ ವಿಲ್ಲಾಗಳಾದವು. ಹಳೆಯ ಪ್ರಶ್ನೆಗಳನ್ನು ಮರೆತವರು ಉತ್ತರಗಳನ್ನು ಅಳಿಸತೊಡಗಿದ್ದು ಇಲ್ಲಿ.

ಎರಡು ಗವಿಮನೆಗಳನ್ನು ಒಂದು ಮಾಡಲು ನಡುವಿನ ಗೋಡೆ ಕಡಿಯುತ್ತಾರೆ. ಆ ಗೋಡೆ ಬರಿಯ ತಡಿಕೆಯಲ್ಲ. ಎರಡೂ ಕಮಾನುಗಳ ಭಾರ ಇಳಿಯುವ ಕಾಲು ಅದು. ಒಳಗೆ ಸ್ನಾನಗೃಹ ಬರುತ್ತದೆ, ಬಿಸಿನೀರಿನ ಆವಿ ತುಂಬುತ್ತದೆ, ಬಾಗಿಲ ಮೇಲಿನ ಕಿಂಡಿಗೆ ಗಾಜು ಜಡಿಯುತ್ತಾರೆ. ಗೋಡೆಗೆ ಸಿಮೆಂಟ್ ಗಿಲಾವು ಹಾಕುತ್ತಾರೆ. ಸುಣ್ಣದ ಗಿಲಾವಿನ ಮೂಲಕ ಬೂದಿಗೋಡೆಯ ತೇವ ಮೆಲ್ಲಗೆ ಹೊರಹೋಗುತ್ತಿತ್ತು. ಸಿಮೆಂಟ್ ಅದನ್ನು ಒಳಗೇ ಕೂಡಿಹಾಕುತ್ತದೆ. ತೇವದೊಡನೆ ಬಂದ ಲವಣ ಗಿಲಾವಿನ ಹಿಂದೆ ಹರಳುಗಟ್ಟಿ, ಅದನ್ನು ಹಪ್ಪಳದಂತೆ ಎಬ್ಬಿಸುತ್ತದೆ.

ಇನ್ನು ಈಜುಕೊಳ. ಎಂಟು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, ಒಂದೂಕಾಲು ಮೀಟರ್ ಆಳದ ಕೊಳ ಎಂದುಕೊಳ್ಳಿ. ಗುಣಿಸಿ. 40 ಘನ ಮೀಟರ್, ಅಂದರೆ 40,000 ಲೀಟರ್ ನೀರು. ತೂಕ 40 ಟನ್. ಹತ್ತು ದೊಡ್ಡ ಆನೆಗಳನ್ನು ಬಂಡೆಯಂಚಿನಲ್ಲಿ, ಕೆಳಮನೆಯ ನೆತ್ತಿಯ ಮೇಲೆ, ನಿಲ್ಲಿಸಿದಂತೆ. ಈಗ ಇನ್ನೊಂದು ಲೆಕ್ಕ. ನೂರು ಚದರ ಮೀಟರ್ ಛಾವಣಿಯ ಮೇಲೆ 300 ಮಿ.ಮೀ. ಮಳೆ ಬಿದ್ದರೆ ಸಿಗುವುದು 30,000 ಲೀಟರ್. ಅಜ್ಜನ ಕಾಲದಲ್ಲಿ ಒಂದು ಕುಟುಂಬ ವರ್ಷವಿಡೀ ನೆಚ್ಚಿಕೊಳ್ಳುತ್ತಿದ್ದ ನೀರು ಮೊಮ್ಮಗನ ಈಜುಕೊಳವನ್ನು ಒಮ್ಮೆ ತುಂಬಲೂ ಸಾಲದು. ದಿನಕ್ಕೆ ಐದೇ ಮಿ.ಮೀ. ಆವಿಯಾಯಿತೆಂದರೂ 160 ಲೀಟರ್ ಗಾಳಿಪಾಲು. ಹೀಗಾಗಿ ದ್ವೀಪ ಇಂದು ಸಮುದ್ರದ ನೀರಿನಿಂದ ಉಪ್ಪು ತೆಗೆಯುವ ಘಟಕಗಳನ್ನು ನಂಬಿಕೊಂಡಿದೆ. ಹಳೆಯ ತೊಟ್ಟಿಗಳು ಕೆಲವು ಕಡೆ ಮಲಗುವ ಕೋಣೆಗಳಾಗಿವೆ, ಕೆಲವು ಕಡೆ ಕೊಳಗಳಾಗಿವೆ.

2025ರ ಜನವರಿ ಕೊನೆಯಿಂದ ಸ್ಯಾಂಟೊರಿನಿ ಮತ್ತು ಅಮೋರ್ಗೊಸ್ ನಡುವೆ ಸಾವಿರಾರು ಕಂಪನಗಳು ಸರಣಿಯಾಗಿ ಬಂದವು. ದೊಡ್ಡದರ ಪ್ರಮಾಣ 5.3. ಶಾಲೆಗಳು ಮುಚ್ಚಿದವು, ಹತ್ತು ಸಾವಿರಕ್ಕೂ ಹೆಚ್ಚು ಜನ ದ್ವೀಪ ಬಿಟ್ಟರು. ಸಮುದ್ರತಳದ ಅಡಿಯಲ್ಲಿ ಶಿಲಾರಸ ಸರಿದಾಡಿದ್ದೇ ಕಾರಣವೆಂದು ವಿಜ್ಞಾನಿಗಳು ಆಮೇಲೆ ವಿವರಿಸಿದರು. ಆಗ ಅಧಿಕಾರಿಗಳು ಜನರಿಗೆ ಕೊಟ್ಟ ಮೊದಮೊದಲ ಸೂಚನೆಗಳಲ್ಲಿ ಒಂದು ಹೀಗಿತ್ತು: ಈಜುಕೊಳಗಳನ್ನು ಖಾಲಿ ಮಾಡಿ. ತುಂಬಿದ ಕೊಡ ಹೊತ್ತು ನಡೆದವರಿಗೆ ಕಾರಣ ಹೇಳಬೇಕಿಲ್ಲ. ನೆಲ ಅಲುಗಿದರೆ ನೀರು ತುಳುಕುತ್ತದೆ. 40 ಟನ್ ನೀರು ಆಚೀಚೆ ಹೊಯ್ದಾಡಿದರೆ ಕಟ್ಟಡವನ್ನೂ ಎಳೆದಾಡುತ್ತದೆ.

ಒಳ್ಳೆಯ ನವೀಕರಣವೆಂದರೆ

ಹಾಗಾದರೆ ಹಳೆಯ ಮನೆಯನ್ನು ಮುಟ್ಟಲೇಬಾರದೇ? ಖಂಡಿತ ಮುಟ್ಟಬಹುದು. ಶೌಚಾಲಯಕ್ಕೆ ಹೊರಗೆ ಓಡುತ್ತಿದ್ದ ಕಾಲವನ್ನು ಮತ್ತೆ ತರಬೇಕೆಂದು ಯಾರೂ ಹೇಳುವುದಿಲ್ಲ. ಗ್ರೀಸ್ ಸರ್ಕಾರ ಈಯಾದಂಥ ಊರುಗಳನ್ನು ಸಾಂಪ್ರದಾಯಿಕ ವಸತಿಗಳೆಂದು ಗುರುತಿಸಿದೆ. ಹೊರರೂಪ ಬದಲಿಸಲು ಅನುಮತಿ ಬೇಕು. ಆದರೆ ಹೊರಗಿನ ಬಿಳಿ ಬಣ್ಣ ಉಳಿದರೆ ಮನೆ ಉಳಿದಂತಲ್ಲ. ಬಲ್ಲ ವಾಸ್ತುಶಿಲ್ಪಿ ಗೋಡೆ ಕಡಿಯುವ ಮುನ್ನ ಭಾರ ಎಲ್ಲಿ ಇಳಿಯುತ್ತದೆಂದು ನೋಡುತ್ತಾನೆ. ಕಿಂಡಿಯನ್ನು ಮುಚ್ಚದೆ ಬಿಡುತ್ತಾನೆ, ಒಳಗೆ ಸುಣ್ಣದ ಗಿಲಾವನ್ನೇ ಹಾಕಿಸುತ್ತಾನೆ, ತೊಟ್ಟಿಯನ್ನು ತೊಳೆಸಿ ಮತ್ತೆ ತೊಟ್ಟಿಯಾಗಿಯೇ ಬಳಸುತ್ತಾನೆ. ಕಲ್ಲಿನ ಕಟ್ಟೆಯೇ ಮಂಚ, ಗೋಡೆಯ ಗೂಡೇ ಕಪಾಟು ಎಂದಾಗ ಕೋಣೆ ತಾನಾಗಿ ವಿಶಾಲವಾಗುತ್ತದೆ.

ಹಳೆಯ ಮನೆಯ ಪ್ರತಿಯೊಂದು ಭಾಗವೂ ಯಾವುದೋ ಪ್ರಶ್ನೆಗೆ ಬರೆದ ಉತ್ತರ. ಪ್ರಶ್ನೆಪತ್ರಿಕೆ ಕಳೆದುಹೋಗಿರಬಹುದು, ಆದರೆ ಉತ್ತರಕ್ಕೆ ಕೆಂಪು ಗೀಟು ಎಳೆಯುವ ಮುನ್ನ ಪ್ರಶ್ನೆ ಏನಿತ್ತೆಂದು ಹುಡುಕಬೇಕು. ಪಾಲಕರೇ, ನಿಮ್ಮೂರಿನ ಹಳೆಯ ಮನೆಯನ್ನು ಕೆಡವುವ ಮಾತು ಬಂದಾಗ ಮಕ್ಕಳನ್ನೂ ಕರೆದುಕೊಂಡು ಹೋಗಿ. ಈ ತೊಟ್ಟಿ ಏಕೆ, ಈ ಬೆಳಕಿಂಡಿ ಏಕೆ, ಈ ಗೋಡೆ ಏಕಿಷ್ಟು ದಪ್ಪ ಎಂದು ಅವರು ಕೇಳಲಿ. ಉತ್ತರ ಗೊತ್ತಿಲ್ಲದಿದ್ದರೆ ಹಿರಿಯರನ್ನು ಕೇಳಿ.

ವಿದ್ಯಾರ್ಥಿಗಳಿಗೆ ಈ ವಾರದ ಮನೆಗೆಲಸ: ನಿಮ್ಮ ಮನೆಯ ತಾರಸಿಯ ಉದ್ದ ಅಗಲವನ್ನು ಮೀಟರಿನಲ್ಲಿ ಅಳೆದು ಗುಣಿಸಿ. ಅದನ್ನು ನಿಮ್ಮ ತಾಲ್ಲೂಕಿನ ವಾರ್ಷಿಕ ಮಳೆಯ ಮಿಲಿಮೀಟರಿನಿಂದ ಗುಣಿಸಿದರೆ ಬರುವುದು ಲೀಟರುಗಳ ಲೆಕ್ಕ. ಅದರಲ್ಲಿ ಎಷ್ಟು ಚರಂಡಿಗೆ ಹೋಗುತ್ತಿದೆ ಎಂಬುದನ್ನು ರಾತ್ರಿ ಊಟದ ಹೊತ್ತಿಗೆ ಮನೆಯವರಿಗೆ ಓದಿ ಹೇಳಿ.