ಊರಿನ ಹೆಸರಷ್ಟೇ ಕನ್ನಡದ್ದು
ಬೀದರ್, ಕಲಬುರಗಿ, ರಾಯಚೂರಿನಿಂದ ಹೈದರಾಬಾದಿಗೆ ಬಂದು ವೈರಾಲಜಿ ಓದುವವರಿಗೆ ಫ್ಲಾವಿವೈರಸ್‌ಗಳ ಪಾಠದಲ್ಲಿ ಡೆಂಗಿಯ ಜೊತೆಗೇ ಕನ್ನಡದ ಹೆಸರೊಂದು ಎದುರಾಗುತ್ತದೆ: ಕ್ಯಾಸನೂರು. ಶಿವಮೊಗ್ಗ ಜಿಲ್ಲೆಯ ಆ ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತು ಬಿದ್ದವು, ಜನ ಜ್ವರ ಹಿಡಿದು ಮಲಗಿದರು; ಉಣುಗು ಹರಡುವ ವೈರಾಣು ಪತ್ತೆಯಾಯಿತು.

ಪಾಠದಲ್ಲಿ ಊರಿನ ಹೆಸರು ಬಿಟ್ಟರೆ ಉಳಿದದ್ದೆಲ್ಲ ಇಂಗ್ಲಿಷ್. ಪರೀಕ್ಷೆಗೆ ಅಷ್ಟು ಸಾಕು. ಆದರೆ ಸತ್ತ ಮಂಗನ ಮೈಬಿಟ್ಟ ಉಣುಗುಗಳು ಸುತ್ತಲಿನ ತರಗೆಲೆಯಲ್ಲೇ ಇರುತ್ತವೆ, ಅತ್ತ ಸೌದೆಗೆ ಹೋಗಬೇಡಿ ಎಂದು ಹೇಳಬೇಕಾದಾಗ ಆ ಇಂಗ್ಲಿಷ್ ಕೆಲಸಕ್ಕೆ ಬರುವುದಿಲ್ಲ.

ಇದೇ ನಗರದಲ್ಲಿ 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ವಿಜ್ಞಾನವನ್ನೂ ಉರ್ದುವಿನಲ್ಲಿ ಕಲಿಸಿತು. ಅದಕ್ಕೆಂದೇ ಹಿಂದಿನ ವರ್ಷ ಅನುವಾದ ವಿಭಾಗ ತೆರೆದಿತ್ತು. ನಿಜಾಮರ ಸೀಮೆಯ ಕನ್ನಡ ಮಕ್ಕಳಿಗೆ ಆ ಉರ್ದುವೂ ಪರಭಾಷೆಯೇ. ಆದರೆ ಕಲಿಸುವ ಮೊದಲು ಮಾತು ಹುಡುಕಿಕೊಳ್ಳಬೇಕೆಂಬ ಕ್ರಮ ಸರಿಯಿತ್ತು.

ಇಂದು ಇಡೀ ಪಾಠ ಕನ್ನಡಕ್ಕೆ ಬರಬೇಕಿಲ್ಲ. ಪ್ರಶ್ನೆಪತ್ರಿಕೆಯಲ್ಲಿ ಒಂದು ಪ್ರಶ್ನೆ ಸಾಕು: ಈ ರೋಗವನ್ನು ನಿಮ್ಮೂರಿನವರಿಗೆ ಅವರ ಮಾತಿನಲ್ಲಿ ತಿಳಿಸಿ. ತೆಲುಗಿನವರು ತೆಲುಗಿನಲ್ಲಿ, ಕನ್ನಡದವರು ಕನ್ನಡದಲ್ಲಿ ಬರೆಯಲಿ. ಅಂಕವಿದ್ದರೆ ವಿದ್ಯಾರ್ಥಿಗಳು ಮಾತು ಹುಡುಕಿಯೇ ಹುಡುಕುತ್ತಾರೆ.