ನೆರೆಯವನ ಮಗನ ಶಾಲೆ

ಅಮೇರಿಕೆಯ ಐಶ್ವರ್ಯವನ್ನೂ ಯಂತ್ರಬಲವನ್ನೂ ಕೊಂಡಾಡುವವರು ನಮ್ಮಲ್ಲಿ ಅನೇಕರುಂಟು. ಅವಕ್ಕೆ ಬುನಾದಿಯಾದ ಆ ದೇಶದ ಊರಶಾಲೆಯನ್ನು ಕುರಿತು ವಿಚಾರಿಸುವವರು ವಿರಳ. ಆ ಶಾಲೆಯು ಯಾವ ಧನಿಕನ ದಾನವೂ ಅಲ್ಲ. ತನ್ನ ಮಗನಿಗಾಗಿ ಮಾತ್ರವಲ್ಲ, ನೆರೆಯವನ ಮಗನಿಗಾಗಿಯೂ ತಾನು ಕರ ತೆರತಕ್ಕದ್ದೆಂದು ಪ್ರಜೆಗಳು ಒಪ್ಪಿದುದರಿಂದ ಅದು ನಿಂತಿತು. ಆ ಒಪ್ಪಿಗೆಯು ಸುಲಭವಾಗಿ ದೊರೆಯಲಿಲ್ಲ.

1647ರಲ್ಲಿಯೇ ಮ್ಯಾಸಚೂಸೆಟ್ಸ್ ವಸಾಹತಿನವರು 50 ಮನೆಗಳ ಊರು ಓದುಬರಹ ಕಲಿಸುವ ಗುರುವನ್ನು ನೇಮಿಸಬೇಕೆಂದೂ, 100 ಮನೆಗಳ ಊರು ಲ್ಯಾಟಿನ್ ಶಾಲೆಯನ್ನು ನಡೆಸಬೇಕೆಂದೂ ವಿಧಿಸಿದರು. 1785ರಲ್ಲಿ ಹೊಸ ಭೂಮಿಯನ್ನು ಅಳೆಯಿಸಿದಾಗ ಅಲ್ಲಿಯ ಕಾಂಗ್ರೆಸ್ಸು ಪ್ರತಿಯೊಂದು ಟೌನ್‌ಶಿಪ್ಪಿನ 36 ಭಾಗಗಳಲ್ಲಿ ಒಂದನ್ನು ಶಾಲೆಗೆಂದು ಮೀಸಲಿಟ್ಟಿತು. ಆದರೂ ಅನೇಕ ಕಡೆಗಳಲ್ಲಿ ಉಚಿತ ವಿದ್ಯೆಯೆಂದರೆ ಬಡವರಿಗೆ ನೀಡುವ ಭಿಕ್ಷೆಯೆಂಬ ಭಾವನೆಯೇ ಉಳಿದಿತ್ತು. ಪೆನ್ಸಿಲ್ವೇನಿಯಾದಲ್ಲಿ 1834ರಲ್ಲಿ ಸರ್ವರಿಗೂ ಶಾಲೆ ತೆರೆದ ಕಾಯಿದೆಯನ್ನು ಮರುವರ್ಷವೇ ರದ್ದುಗೊಳಿಸಲು ಹೊರಟರು. ಥ್ಯಾಡಿಯಸ್ ಸ್ಟೀವನ್ಸ್ ಎಂಬ ವಕೀಲರು ಶಾಸನಸಭೆಯಲ್ಲಿ ವಾದಿಸಿ ಅದನ್ನು ಉಳಿಸಲು ನೆರವಾದರು.

ಮತ್ತೊಬ್ಬ ವಕೀಲರಾದ ಹೊರೇಸ್ ಮ್ಯಾನ್ ಅವರು 1837ರಲ್ಲಿ ತಮ್ಮ ವೃತ್ತಿಯನ್ನೂ ಮ್ಯಾಸಚೂಸೆಟ್ಸ್ ಸೆನೆಟಿನ ಅಧ್ಯಕ್ಷ ಪದವಿಯನ್ನೂ ತೊರೆದು ಅಲ್ಲಿಯ ವಿದ್ಯಾಮಂಡಲಿಯ ಕಾರ್ಯದರ್ಶಿಯಾದರು. ಅವರ ಕೈಯಲ್ಲಿ ಅಧಿಕಾರವಿರಲಿಲ್ಲ. ವಿಷಯಸಂಗ್ರಹವೂ ಜನಮನವನ್ನು ಒಲಿಸುವ ಮಾತೂ ಮಾತ್ರ ಇದ್ದವು. ಊರೂರು ತಿರುಗಿ, 12 ವರದಿಗಳನ್ನು ಬರೆದು, ಉಪಾಧ್ಯಾಯರು ಕಲಿಯದೆ ಶಾಲೆಯು ಕಲಿಸಲಾರದೆಂದು ಸಾರಿದರು. 1839ರಲ್ಲಿ ಲೆಕ್ಸಿಂಗ್ಟನ್ನಿನಲ್ಲಿ ಆ ದೇಶದ ಮೊದಲನೆಯ ಸರಕಾರೀ ಉಪಾಧ್ಯಾಯ ಶಿಕ್ಷಣಶಾಲೆಯು ತೆರೆಯಿತು. ಉಳ್ಳವರು ತಮ್ಮ ಮಕ್ಕಳನ್ನು ಖಾಸಗೀ ಶಾಲೆಗಳಿಗೆ ಒಯ್ದರೆ ಊರಶಾಲೆಯ ಮೇಲಿನ ಅವರ ಆಸ್ಥೆಯೂ ಅದರೊಡನೆಯೇ ಹೋಗುವುದೆಂದು ಮ್ಯಾನ್ ಅವರು ಎಚ್ಚರಿಸಿದ್ದರು. 1852ರಲ್ಲಿ ಅದೇ ಸಂಸ್ಥಾನವು ಹಾಜರಿಯನ್ನು ಕಡ್ಡಾಯ ಮಾಡಿತು. ಕಟ್ಟಕಡೆಯ ಸಂಸ್ಥಾನವಾದ ಮಿಸಿಸಿಪ್ಪಿಯು ಹಾಗೆ ಮಾಡಿದುದು 1918ರಲ್ಲಿ.

ಹೀಗೆಂದು ನಾವು ಆ ದೇಶಕ್ಕೆ ಆರತಿ ಎತ್ತಲಾರೆವು. ಗುಲಾಮರಿಗೆ ಬರೆಯಲು ಕಲಿಸುವುದೇ ಅಪರಾಧವೆಂದು ದಕ್ಷಿಣ ಕ್ಯಾರೊಲೈನವು 1740ರಲ್ಲಿ ಕಾಯಿದೆ ಮಾಡಿತ್ತು. ದಾಸ್ಯವು ಅಳಿದ ಮೇಲೂ ದಕ್ಷಿಣ ಸಂಸ್ಥಾನಗಳು ಕರಿಯ ಮಕ್ಕಳನ್ನು ಬೇರೆ ಶಾಲೆಗಳಿಗೆ, ಹರಕು ಪುಸ್ತಕಗಳಿಗೆ ನೂಕಿದವು. ಇಂಥ ಪ್ರತ್ಯೇಕತೆಯು ನ್ಯಾಯವಲ್ಲವೆಂದು ಅಲ್ಲಿಯ ಶ್ರೇಷ್ಠ ನ್ಯಾಯಾಲಯವು ಹೇಳಲು 1954ನೆಯ ಇಸವಿ ಬರಬೇಕಾಯಿತು. ಸಿರಿವಂತ ಊರಿಗೂ ಬಡ ಊರಿಗೂ ಶಾಲಾ ದ್ರವ್ಯದಲ್ಲಿರುವ ತಾರತಮ್ಯವನ್ನು ಸಂಯುಕ್ತ ಸಂಸ್ಥಾನಗಳ ಸಂವಿಧಾನವು ತಡೆಯದೆಂದು 1973ರಲ್ಲಿ ಅದೇ ನ್ಯಾಯಾಲಯವು ಒಂದೇ ಮತದ ಅಂತರದಿಂದ ತೀರ್ಮಾನಿಸಿತು. ನೆರೆಯವನೆಂದರೆ ಯಾರು ಎಂಬ ಪ್ರಶ್ನೆಯು ಅಲ್ಲಿ ಇನ್ನೂ ತೀರಿಲ್ಲ.

ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎಂಬುದು ನಮ್ಮವರ ಗಾದೆ. ಹತ್ತು ಜನರು ಕಡ್ಡಿ ಹಾಕಿದಲ್ಲಿ ಶಾಲೆ ಎದ್ದಿತು. ಕೆಲವರ ಕಡ್ಡಿಯನ್ನು ಪಡೆದೂ ಅವರ ಮಕ್ಕಳನ್ನು ಹೊರಗಿಟ್ಟಲ್ಲಿ ಅದು ಅನ್ಯಾಯದ ಮನೆಯಾಯಿತು. ತಮ್ಮ ಮಕ್ಕಳನ್ನು ಬೇರೆಡೆಗೆ ಕಳುಹಿಸಿ, ಊರಶಾಲೆಯ ದುರವಸ್ಥೆಗಾಗಿ ಸರಕಾರವನ್ನು ಮಾತ್ರ ದೂರುವ ಸಜ್ಜನರು ನಮ್ಮಲ್ಲಿಯೂ ಇದ್ದಾರೆ. ಅವರು ಮ್ಯಾನ್ ಅವರ ಎಚ್ಚರಿಕೆಯನ್ನು ಒಮ್ಮೆ ಮನನ ಮಾಡಲಿ ಎಂದು ನಾವು ವಿನಯದಿಂದ ಬಿನ್ನವಿಸುತ್ತೇವೆ.